ಟೆಂಟಿನಿಂದ ಜಗಲಿಗೆ: ಕಪಿಲಾ ತೀರದ ಸಿನಿಮಾ ವಿಮರ್ಶೆ

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕುಗಳ ಹಳ್ಳಿಗರಿಗೆ ಸಿನಿಮಾ ರೂಢಿಯಾದದ್ದು ಟೆಂಟು ಹಾಕಿ ಚಿತ್ರ ತೋರಿಸುತ್ತಿದ್ದ ಟೂರಿಂಗ್ ಟಾಕೀಸಿನಿಂದ. ಕತ್ತಲಾದ ಮೇಲೆ ಗಾಯಕ ಘಂಟಸಾಲರ ‘ನಮೋ ವೆಂಕಟೇಶ’ ಮೊಳಗಿತೆಂದರೆ ಆಟ ಶುರುವಾಗುವ ಹೊತ್ತು. ನೆಲ, ಬೆಂಚು, ಕುರ್ಚಿ ಎಂದು ಟಿಕೆಟಿನ ದರ್ಜೆ. ಶಿಳ್ಳೆ, ಚಪ್ಪಾಳೆಯ ಮೊದಲ ತೀರ್ಪು ಬರುತ್ತಿದ್ದುದು ನೆಲದಿಂದಲೇ.

ಹೊಸ ಚಿತ್ರ ಮೊದಲು ಮೈಸೂರಿನಲ್ಲಿ ಓಡಿ, ಪ್ರಿಂಟು ಸವೆದ ಮೇಲೆ ಟೆಂಟಿಗೆ ಬರುತ್ತಿತ್ತು. ಹಾಗಾಗಿ ಪೇಟೆಗೆ ಹೋಗಿ ನೋಡಿ ಬಂದವರು ಜಗಲಿಯಲ್ಲಿ, ಹೋಟೆಲಿನಲ್ಲಿ ಹೇಳಿದ್ದೇ ವಿಮರ್ಶೆ. ಕಥೆಯನ್ನು ಪೂರ್ತಿ ಬಿಚ್ಚಿಡುವುದು ಅಲ್ಲಿ ತಪ್ಪೆನಿಸುತ್ತಿರಲಿಲ್ಲ.

ಈ ಸೀಮೆಯನ್ನೇ ಚರ್ಚೆಗೆ ಎಳೆದ ಚಿತ್ರ ‘ವಂಶವೃಕ್ಷ’. ಎಸ್.ಎಲ್. ಭೈರಪ್ಪನವರ 1965ರ ಕಾದಂಬರಿಯ ಶ್ರೀನಿವಾಸ ಶ್ರೋತ್ರಿಗಳ ಮನೆ ಇರುವುದು ನಂಜನಗೂಡಿನಲ್ಲಿ. ಮಗ ಕಪಿಲಾ ನದಿಯ ಪಾಲಾಗುತ್ತಾನೆ, ವಿಧವೆ ಸೊಸೆ ಕಾತ್ಯಾಯನಿ ಮೈಸೂರಿಗೆ ಓದಲು ಹೋಗಿ ಮರುಮದುವೆಯಾಗುತ್ತಾಳೆ. ಚಿತ್ರಕ್ಕಾಗಿ ಬಿ.ವಿ. ಕಾರಂತ, ಗಿರೀಶ ಕಾರ್ನಾಡರಿಗೆ 1971ರ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಕಾತ್ಯಾಯನಿ ಮಾಡಿದ್ದು ಸರಿಯೇ, ಅವಳ ಮಗ, ಅಂದರೆ ಶ್ರೋತ್ರಿಗಳ ಮೊಮ್ಮಗ, ಯಾರಿಗೆ ಸೇರಬೇಕು ಎಂಬ ಪ್ರಶ್ನೆಗಳ ಮುಂದೆ ನಟನೆ, ಛಾಯಾಗ್ರಹಣದ ಮಾತು ಹಿಂದೆ ಸರಿಯುವುದು ಸಹಜ.

ದೂರದರ್ಶನ ಬಂದ ಮೇಲೆ ಟಿ.ವಿ. ಇದ್ದ ಮನೆಯ ನಡುಮನೆಯೇ ಟೆಂಟಾಯಿತು. ಹಳೆಯ ಚಿತ್ರಗಳು ಭಾನುವಾರ ಮತ್ತೆ ಕಂಡವು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ನೋಡಿದ್ದ ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ಚಾಪೆಯಲ್ಲಿ ಕೂತು ವಾದಿಸಿದರು.