ಕಡಲು ದಾಟಿ ಬಂದ ತಾಮ್ರ

ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜಿಯ ಕಾಲದ ತಾಮ್ರದ ಹಂಡೆಯೊಂದು ಬೋರಲಾಗಿ ಕುಳಿತಿರಬಹುದು. ಹುಣಿಸೇಹಣ್ಣು ಹಚ್ಚಿ ಉಜ್ಜಿದರೆ ಈಗಲೂ ಕೆಂಪಗೆ ಬೆಳಗೀತು. ಕೊಟ್ಟ ದಾನ ಚಂದ್ರಸೂರ್ಯರಿರುವವರೆಗೂ ನಿಲ್ಲಲೆಂದು ನಮ್ಮ ಅರಸರು ಶಾಸನ ಕೊರೆಸಿದ್ದು ಈ ಲೋಹದ ಮೇಲೆಯೇ. ತರಗತಿಯಲ್ಲಿ ತಾಮ್ರಶಾಸನದ ಪಾಠ ಹೇಳುತ್ತಿದ್ದಾಗ ಹುಡುಗನೊಬ್ಬನು ಎದ್ದುನಿಂತು, “ಅಷ್ಟು ತಾಮ್ರ ಎಲ್ಲಿಂದ ಬರುತ್ತಿತ್ತು, ಸಾರ್?” ಎಂದು ಕೇಳಿದನು. ಲಿಪಿ, ಭಾಷೆ, ಛಂದಸ್ಸು ಎಲ್ಲವನ್ನೂ ವಿವರಿಸಿದ್ದ ನಾನು ಆ ಪ್ರಶ್ನೆಗೆ ಮಾತ್ರ ಮರುದಿನದ ವಾಯಿದೆ ಕೇಳಬೇಕಾಯಿತು.

ನಮ್ಮಲ್ಲಿ ತಾಮ್ರದ ಗಣಿಗಳೇ ಇರಲಿಲ್ಲವೆಂದಲ್ಲ. ರಾಜಸ್ಥಾನದ ಖೇತ್ರಿಯ ಗಣಿಗಳು ಬಹು ಪ್ರಾಚೀನವಾದುವು. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿಯೂ ಹಿಂದಿನವರು ಅದಿರು ಅಗೆದ ಗುರುತುಗಳಿವೆ. ಆದರೂ ಹೊರಗಿನ ತಾಮ್ರ ಬೇಕೇ ಆಗುತ್ತಿತ್ತು. ಕ್ರಿ. ಶ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು, ಭಾರತದಲ್ಲಿ ತಾಮ್ರವೇ ಇಲ್ಲ, ಮುತ್ತುರತ್ನಗಳನ್ನು ಕೊಟ್ಟು ಅದನ್ನು ಪಡೆಯುತ್ತಾರೆ ಎಂದು ಬರೆದನು. ಇದು ಅತಿಶಯೋಕ್ತಿಯೇ ಸರಿ. ಆದರೆ ಅದೇ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಕೈಪಿಡಿಯಲ್ಲಿ ಭರುಕಚ್ಛಕ್ಕೂ ಕೇರಳದ ಮುಜಿರಿಸ್ ಬಂದರಿಗೂ ಬರುತ್ತಿದ್ದ ಸರಕುಗಳ ಪಟ್ಟಿಯಿದೆ. ಅದರಲ್ಲಿ ತಾಮ್ರವೂ ಸೇರಿದೆ.

ಈ ವ್ಯಾಪಾರದ ಕಣ್ಣಿಗೆ ಕಟ್ಟುವಂತಹ ಚಿತ್ರ ದೊರೆಯುವುದು ನಮ್ಮ ಮಂಗಳೂರಿನಲ್ಲಿಯೇ. ಅದನ್ನು ಉಳಿಸಿಕೊಟ್ಟದ್ದು ಮಾತ್ರ ದೂರದ ಈಜಿಪ್ಟು. ದೇವರ ಹೆಸರಿರುವ ಕಾಗದವನ್ನು ನಾಶಮಾಡಬಾರದೆಂಬುದು ಯೆಹೂದ್ಯರ ಸಂಪ್ರದಾಯ. ಹಳೆಯ ಕೈರೋದಲ್ಲಿ ಅವರ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಹೀಗೆ ಶತಮಾನಗಳ ಕಾಗದಗಳು ಕೂಡಿಬಿದ್ದಿದ್ದುವು. 19ನೆಯ ಶತಮಾನದ ಕೊನೆಯಲ್ಲಿ ಅವು ವಿದ್ವಾಂಸರ ಕೈಸೇರಿದುವು. ಅವುಗಳ ನಡುವೆ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳಿದ್ದುವು.

ಈತನು ಆಫ್ರಿಕದ ಟ್ಯುನೀಸಿಯ ಪ್ರಾಂತದವನು. 1132ರಲ್ಲಿ ಮಂಗಳೂರಿನಲ್ಲಿದ್ದನು, 1149ರಲ್ಲಿ ಏಡನ್ನಿಗೆ ಹಿಂದಿರುಗಿದನು. ಇಲ್ಲಿಂದ ಮೆಣಸು, ಅಡಕೆ, ಕಬ್ಬಿಣಗಳನ್ನು ಕಳುಹಿಸುತ್ತಿದ್ದನು. ಅಲ್ಲಿಂದ ತಾಮ್ರ ಬರುತ್ತಿತ್ತು. ಜೊತೆಗೆ ಒಡೆದ ಹಳೆಯ ಪಾತ್ರೆಗಳೂ ಬರುತ್ತಿದ್ದುವು! ಅವನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯುವ ಕಾರ್ಖಾನೆಯೊಂದನ್ನು ಆತನು ನಡೆಸುತ್ತಿದ್ದನು. ಏಡನ್ನಿನ ಗೆಳೆಯನೊಬ್ಬನು ಒಂದು ದೀಪಕ್ಕೆ ಬರೆದು ಕಳುಹಿಸಿದ ಬೇಡಿಕೆಯನ್ನು ಕೇಳಿರಿ: ಕಂಬ ಎಂಟು ಮೂಲೆಯದಾಗಿ ದಪ್ಪಗಿರಬೇಕು, ಕಾಲುಗಳು ಗಟ್ಟಿಯಾಗಿರಬೇಕು, ಎರಡು ಬತ್ತಿಗಳ ಹಣತೆ ಮೇಲಕ್ಕೂ ಕೆಳಕ್ಕೂ ಸರಿಯುವಂತಿರಬೇಕು.

ಸ್ವಲ್ಪ ಯೋಚಿಸಿ ನೋಡಿರಿ. ಒಡಕು ಪಾತ್ರೆಯನ್ನು ಹಡಗಿಗೇರಿಸಿ, ಮಳೆಗಾಳಿಗಳ ಅನುಕೂಲ ಕಾದು, ಸಮುದ್ರ ದಾಟಿಸಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ತರಿಸಿಕೊಳ್ಳುವುದೆಂದರೆ ಸಾಮಾನ್ಯವೇ? ಲೋಹ ಅವರದು, ಸಮುದ್ರದ ಅಪಾಯವೂ ಅವರದೇ. ಇಲ್ಲಿ ಅವರಿಗೆ ಬೇಕಾಗಿದ್ದುದು ಕಂಚುಗಾರನ ಕೈ. ಗಣಿಯಿದ್ದ ಮಾತ್ರಕ್ಕೆ ಒಂದು ನಾಡು ಲೋಹದಲ್ಲಿ ಸಿರಿವಂತವಾಗದು. ಕೈಗೆ ಬಂದ ಲೋಹಕ್ಕೆ ರೂಪು ಕೊಡಬಲ್ಲವರೂ ಬೇಕು.

ವರ್ತಕರ ಹೆಸರುಗಳು ಉಳಿದುವು. ಬೆನ್ ಯಿಜುವಿನ ತುಳುನಾಡಿನ ಪತ್ನಿ ಅಶುವಿನ ಹೆಸರೂ ಉಳಿಯಿತು. ಆ ದೀಪದ ಬೇಡಿಕೆಯಲ್ಲಿ, ಅದನ್ನು ಎರಕ ಹೊಯ್ಯಬೇಕಾಗಿದ್ದವನ ಹೆಸರು ಮಾತ್ರ ಇಲ್ಲ.

ಮರುದಿನ ಆ ಹುಡುಗನಿಗೆ ಇಷ್ಟನ್ನು ಹೇಳಿದೆನು. “ಹಾಗಾದರೆ ನಮ್ಮ ಹಂಡೆಯಲ್ಲಿಯೂ ಬೇರೆ ದೇಶದ ತಾಮ್ರ ಇದ್ದೀತೇ?” ಎಂದನು. ಇದ್ದೀತು. ತಾಮ್ರ ಎಷ್ಟು ಸಲ ಕರಗಿದರೂ ಕೆಡುವುದಿಲ್ಲ. ಅಜ್ಜನ ಕೊಪ್ಪರಿಗೆ ಮೊಮ್ಮಗನ ಚೆಂಬಾಗುತ್ತದೆ. ಅಟ್ಟದ ಹಂಡೆಯನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಕೆಳಗಿಳಿಸಿ, ಅದರ ಮೈಮೇಲಿನ ಸುತ್ತಿಗೆಯ ಗುರುತುಗಳನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಅದನ್ನು ಬಡಿದವನು ಬಿಟ್ಟುಹೋದ ರುಜು ಅಷ್ಟೇ.