160 ಅಕ್ಷರಗಳ ಓಣಿಯಲ್ಲಿ ಕನ್ನಡ

ಪಿಯುಸಿ ಓದಲು ಧಾರವಾಡದ ಹಾಸ್ಟೆಲ್ ಸೇರಿದ ಹೊಸದರಲ್ಲಿ ಅಪ್ಪನಿಗೆ ಕನ್ನಡದಲ್ಲೇ ಒಂದು ಮೆಸೇಜ್ ಕಳಿಸಿದ್ದೆ. ಸಂಜೆ ಫೋನ್ ಬಂತು: "ಏನವಾ ಇದು, ಬರೇ ಡಬ್ಬಿ ಬಂದಾವಲ್ಲ?" ಅಪ್ಪನ ಕೀಪ್ಯಾಡ್ ಫೋನಿನಲ್ಲಿ ನನ್ನ ಅಕ್ಷರಗಳು ಖಾಲಿ ಚೌಕಗಳಾಗಿದ್ದವು. ಅಂದಿನಿಂದ ನಮ್ಮ ಕನ್ನಡ ಇಂಗ್ಲಿಷ್ ಲಿಪಿಯಲ್ಲೇ ಓಡಾಡಿತು. ಆ ಡಬ್ಬಿಗಳು ಎಲ್ಲಿಂದ ಬಂದವು ಎಂದು ಹುಡುಕುತ್ತಾ ಹೋದರೆ, ದಾರಿ ಜರ್ಮನಿಯ ಬಾನ್ ನಗರದ ಒಂದು ಬೆರಳಚ್ಚು ಯಂತ್ರದವರೆಗೂ ಹೋಗುತ್ತದೆ.

1985ರಲ್ಲಿ ಅಲ್ಲಿ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಎಂಬ ಎಂಜಿನಿಯರ್ ಮನಸ್ಸಿಗೆ ತೋಚಿದ ವಾಕ್ಯಗಳನ್ನೂ ಪ್ರಶ್ನೆಗಳನ್ನೂ ಟೈಪ್ ಮಾಡಿ ಅಕ್ಷರಗಳನ್ನು ಎಣಿಸಿದರು. ಹೆಚ್ಚಿನವು 160ರೊಳಗೆ ಮುಗಿದವು. ಪೋಸ್ಟ್‌ಕಾರ್ಡುಗಳಲ್ಲಿ ಜನ ಬರೆಯುವುದೂ ಬಹುಮಟ್ಟಿಗೆ ಅಷ್ಟೇ ಎಂಬ ವಾದವೂ ಜೊತೆಗಿತ್ತು. ಎಸ್‌ಎಂಎಸ್‌ನ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇದರ ಹಿಂದೆ ಜಾಗದ ಲೆಕ್ಕವೊಂದಿದೆ. ಕರೆಗಳನ್ನು ನಿಯಂತ್ರಿಸುವ ಸಂಕೇತಗಳು ಹರಿಯುವ ಕಿರಿದಾದ ಓಣಿಯಲ್ಲೇ ಸಂದೇಶವೂ ನುಸುಳಬೇಕಿತ್ತು. ಅದಕ್ಕೆ ಸಿಕ್ಕ ಜಾಗ 140 ಬೈಟ್, ಅಂದರೆ 1120 ಬಿಟ್. ಒಂದು ಅಕ್ಷರಕ್ಕೆ 7 ಬಿಟ್ ಕೊಟ್ಟರೆ 160 ಅಕ್ಷರ ಹಿಡಿಯುತ್ತವೆ. ಆದರೆ 7 ಬಿಟ್‌ಗಳಲ್ಲಿ ಗುರುತಿಸಬಹುದಾದ ಚಿಹ್ನೆಗಳು ಒಟ್ಟು 128 ಮಾತ್ರ. ಆ ಪಟ್ಟಿಯಲ್ಲಿ ರೋಮನ್ ಅಕ್ಷರಗಳು, ಕೆಲವು ಗ್ರೀಕ್ ಅಕ್ಷರಗಳು, ಪೌಂಡ್ ಮತ್ತು ಯೆನ್ ಚಿಹ್ನೆಗಳು ಸೇರಿದವು. ಉಳಿದ ಲಿಪಿಗಳು ಹೊರಗುಳಿದವು. ಲಿಪಿಗಳನ್ನು ಹೊರಗಿಟ್ಟದ್ದರಿಂದಲೇ ಆ 160 ಸಾಧ್ಯವಾಯಿತು.

1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ 22 ವರ್ಷದ ನೀಲ್ ಪ್ಯಾಪ್‌ವರ್ತ್ ಮೊದಲ ಎಸ್‌ಎಂಎಸ್ ಕಳಿಸಿದರು. ವೊಡಾಫೋನಿನ ರಿಚರ್ಡ್ ಜಾರ್ವಿಸ್ ಅವರಿಗೆ ಹೋದ ಕ್ರಿಸ್‌ಮಸ್ ಶುಭಾಶಯ ಅದು. ಪ್ಯಾಪ್‌ವರ್ತ್ ಅದನ್ನು ಟೈಪ್ ಮಾಡಿದ್ದು ಕಂಪ್ಯೂಟರಿನಲ್ಲಿ. ಜಾರ್ವಿಸ್ ಅವರ ಫೋನಿನಿಂದ ಉತ್ತರ ಬರೆಯಲು ಸಾಧ್ಯವಿರಲಿಲ್ಲ. ಹೀಗೆ ಮೊಬೈಲ್ ಸಂದೇಶ ಹುಟ್ಟಿದ್ದೇ ಕಂಪ್ಯೂಟರಿನ ಕೀಲಿಮಣೆಯ ಮೇಲೆ.

ಇಮೇಲ್ ಮತ್ತು ಎಸ್‌ಎಂಎಸ್ ನಡುವೆ ಸೇತುವೆ ಕಟ್ಟುವ ನಿಯಮಗಳೂ ಜಿಎಸ್‌ಎಂ ಮಾನಕದಲ್ಲಿ ಸೇರಿಕೊಂಡವು. ಮೊಬೈಲ್ ಸಂಖ್ಯೆಯ ಮುಂದೆ ಕಂಪನಿಯ ಡೊಮೇನ್ ಹೆಸರು ಸೇರಿಸಿದರೆ ಅದೇ ಇಮೇಲ್ ವಿಳಾಸ. ಆ ವಿಳಾಸಕ್ಕೆ ಬಂದ ಪತ್ರವನ್ನು ಗೇಟ್‌ವೇ ಕತ್ತರಿಸಿ, ಎಸ್‌ಎಂಎಸ್ ಮಾಡಿ ಫೋನಿಗೆ ದಾಟಿಸುತ್ತಿತ್ತು. ಫೋನಿನಿಂದ ಇಮೇಲ್ ಕಳಿಸುವವರು ಮೊದಲು ವಿಳಾಸ, ಒಂದು ಖಾಲಿ ಜಾಗ, ಆಮೇಲೆ ಮಾತು ಬರೆಯಬೇಕು. ಹಲವು ಫೋನುಗಳಲ್ಲಿ @ ಒತ್ತುವುದು ಕಷ್ಟವೆಂದು ಅದರ ಬದಲು ನಕ್ಷತ್ರ ಚಿಹ್ನೆ ಹಾಕಬಹುದೆಂದೂ ಮಾನಕ ಹೇಳುತ್ತದೆ. @ ಒತ್ತಲಾಗದವರ ಕಷ್ಟ ನೆನಪಿಟ್ಟುಕೊಂಡ ಆ ಸೌಜನ್ಯ ನನಗೆ ಇಷ್ಟವಾಯಿತು. ನಮ್ಮ ಪಾಲಿಗೆ ಅಂಥ ನಕ್ಷತ್ರವೊಂದು ಇರಲಿಲ್ಲ.

ಏಕೆಂದರೆ 128ರ ಪಟ್ಟಿಯಲ್ಲಿ ಇಲ್ಲದ ಒಂದೇ ಒಂದು ಅಕ್ಷರ ಬಂದರೂ ಇಡೀ ಸಂದೇಶ ಸಾಮಾನ್ಯವಾಗಿ 16 ಬಿಟ್‌ಗಳ ಲೆಕ್ಕಕ್ಕೆ ಬದಲಾಗುತ್ತದೆ. ಆಗ ಅದೇ 1120 ಬಿಟ್‌ಗಳಲ್ಲಿ ಹಿಡಿಯುವುದು 70 ಮಾತ್ರ. ಇಮೇಲ್‌ನಿಂದ ಬಂದ ಸಂದೇಶದಲ್ಲಿ ಕಳಿಸಿದವರ ವಿಳಾಸವೂ ಇದರೊಳಗೇ ಕೂರಬೇಕು. ವಿಳಾಸ 25 ಅಕ್ಷರದ್ದಾದರೆ, ಖಾಲಿ ಜಾಗವನ್ನೂ ಕಳೆದು ಇಂಗ್ಲಿಷಿಗೆ 134 ಉಳಿಯುತ್ತದೆ; ಕನ್ನಡಕ್ಕೆ 44. ಆ 44 ಕೂಡ ನಾವು ಎಣಿಸುವ ಅಕ್ಷರಗಳಲ್ಲ. 'ಸ್ತ್ರೀ' ಎಂಬುದು ನಮಗೆ ಒಂದು ಅಕ್ಷರ. ಯೂನಿಕೋಡ್‌ಗೆ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ: ಒಟ್ಟು 6 ಸ್ಥಾನ. ನಮ್ಮ ಒತ್ತಕ್ಷರಗಳ ಚೆಲುವಿಗೆ ಇಲ್ಲಿ ಸುಂಕ ಬೀಳುತ್ತದೆ.

ಕನ್ನಡವನ್ನು ದೂರವಿಡಬೇಕೆಂದು ಯಾರೂ ಕುಳಿತು ತೀರ್ಮಾನಿಸಿರಲಿಲ್ಲ. ಯುರೋಪಿನ ಜಾಲಕ್ಕಾಗಿ ಮಾಡಿದ ಲೆಕ್ಕ ಜಗತ್ತಿನ ಲೆಕ್ಕವಾಗಿಬಿಟ್ಟಿತು, ಅಷ್ಟೆ. ಮುಂದೆ ಮಾನಕದಲ್ಲಿ ಕನ್ನಡ, ತೆಲುಗು, ತಮಿಳು ಮುಂತಾದ ಭಾರತೀಯ ಲಿಪಿಗಳಿಗೂ 7 ಬಿಟ್‌ಗಳ ಪ್ರತ್ಯೇಕ ಕೋಷ್ಟಕಗಳು ಸೇರಿದವು. ಆದರೆ ಕಾಗದದಲ್ಲಿ ಜಾಗ ಸಿಕ್ಕರೆ ಸಾಲದು; ಕಳಿಸುವ ಫೋನು, ನಡುವಿನ ಕೇಂದ್ರ, ಓದುವ ಫೋನು ಮೂರೂ ಒಪ್ಪಬೇಕು. ಅಪ್ಪನ ಫೋನಿನವರೆಗೆ ಆ ಕೋಷ್ಟಕ ಬರಲೇ ಇಲ್ಲ.

ಸೇತುವೆಗಳೂ ಈಗ ಒಂದೊಂದಾಗಿ ಮುಚ್ಚುತ್ತಿವೆ. ಅಮೆರಿಕದ ಎಟಿ ಅಂಡ್ ಟಿ 2025ರ ಜೂನ್ 17ರಂದು ಇಮೇಲ್‌ನಿಂದ ಎಸ್‌ಎಂಎಸ್ ಕಳಿಸುವ ಸೌಲಭ್ಯ ನಿಲ್ಲಿಸಿತು. ಯಾರು ಬೇಕಾದರೂ ತೆರೆಯಬಹುದಾಗಿದ್ದ ಇಂಥ ಬಾಗಿಲುಗಳಿಂದ ವಂಚಕರೂ ನುಗ್ಗುತ್ತಾರೆ, ಮುಚ್ಚುವುದಕ್ಕೆ ಕಾರಣಗಳಿವೆ. ಆದರೆ 160ರ ಲೆಕ್ಕ ಇನ್ನೂ ಬದುಕಿದೆ. ಒಂದೇ ಮಾತನ್ನು ಕನ್ನಡದಲ್ಲಿ ಕಳಿಸಿದರೆ ಎರಡು ಎಸ್‌ಎಂಎಸ್, ಇಂಗ್ಲಿಷಿನಲ್ಲಾದರೆ ಒಂದು ಎಂದಾಗ, ಲಕ್ಷಾಂತರ ಜನರಿಗೆ ಸೂಚನೆ ಕಳಿಸುವವರು ಯಾವುದನ್ನು ಆರಿಸಿಕೊಂಡಾರು? ಹಣ ಕಡಿತವಾದ ಸುದ್ದಿ ಬಂದಾಗ ಅಪ್ಪ ಇಂದಿಗೂ ಫೋನನ್ನು ನನ್ನ ಕಡೆ ಚಾಚುತ್ತಾರೆ: "ಇದೇನ್ ಬಂದದ, ಸ್ವಲ್ಪ ಓದಿ ಹೇಳವಾ."

ಈಗ ಡಬ್ಬಿಗಳಿಲ್ಲ, ಅಕ್ಷರಗಳು ಸ್ಪಷ್ಟವಾಗಿಯೇ ಇವೆ. ಓದಿ ಹೇಳುವ ಕೆಲಸ ಮಾತ್ರ ನನಗೆ ತಪ್ಪಿಲ್ಲ.