ಗರಡಿಮನೆಯಿಂದ ಕಿಕ್‌ಬಾಕ್ಸಿಂಗ್‌ವರೆಗೆ: ಅಮ್ಮನ ಒಂದು ಗಂಟೆ

ಶಿವಮೊಗ್ಗದಲ್ಲಿ ಈಗ ಸಂಜೆ ಹೊತ್ತು ಪಂಚ್, ಕಿಕ್ ಅಂತ ಬೆವರು ಹರಿಸೋ ಅಮ್ಮಂದಿರಿದ್ದಾರೆ. ಈ ಕ್ಲಾಸ್ ಎಲ್ಲಿಂದ ಬಂತು? ಇವತ್ತು ಅದನ್ನೇ ನೋಡೋಣ.

ನಮ್ಮೂರಿಗೆ ಕಸರತ್ತು ಹೊಸದಲ್ಲ. ಗರಡಿಮನೆ ಇತ್ತು, ಕೋಟೆ ಮಾರಿಕಾಂಬ ಜಾತ್ರೆಯಲ್ಲಿ ಕುಸ್ತಿ ಇವತ್ತಿಗೂ ಇದೆ. ಆದರೆ ಗರಡಿಯ ಕೆಮ್ಮಣ್ಣಿಗೆ ಹೆಂಗಸರು ಇಳಿಯೋ ಹಾಗಿರಲಿಲ್ಲ. 17ನೇ ಶತಮಾನದಲ್ಲಿ ಔರಂಗಜೇಬನನ್ನು ಎದುರು ಹಾಕಿಕೊಂಡು ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮನ ಸೀಮೆಯಲ್ಲೂ ಹೀಗೇ.

ಹೊರಗೆ ಬಾಗಿಲು ಬೇರೆ ರೀತಿ ತೆರೀತು. 1913ರ ಹೊತ್ತಿಗೆ ಲಂಡನ್ನಿನಲ್ಲಿ, ಐದಡಿಯೂ ಇಲ್ಲದ ಈಡಿತ್ ಗ್ಯಾರಡ್ ಮತದಾನದ ಹಕ್ಕಿಗೆ ಹೋರಾಡ್ತಿದ್ದ ಹೆಂಗಸರಿಗೆ ಜುಜುತ್ಸು ಕಲಿಸಿದರು, ಪೊಲೀಸರನ್ನು ಎದುರಿಸೋಕೆ. 1990ರ ದಶಕದಲ್ಲಿ ಅಮೆರಿಕದ ಬಿಲ್ಲಿ ಬ್ಲಾಂಕ್ಸ್ ಅವರ 'ಟೈ ಬೋ' ಕ್ಯಾಸೆಟ್‌ಗಳು ಬಂದವು. ಟೈಕ್ವಾಂಡೋ, ಬಾಕ್ಸಿಂಗ್ ಎರಡೂ ಸಂಗೀತದ ತಾಳಕ್ಕೆ. ಎದುರಾಳಿ ಬೇಡ, ಮನೆಯಲ್ಲೇ ಗಾಳಿಗೆ ಗುದ್ದಬಹುದು. ಇವತ್ತಿನ ಕ್ಲಾಸ್‌ಗಳು ಅದೇ ದಾರಿಯವು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡ್ತು. ಆಮೇಲೆ ಎಷ್ಟೋ ಮನೆಗಳು ನಡೆದಿದ್ದು ಪಾಳಿ ಲೆಕ್ಕದಲ್ಲೇ. ಗಂಡಸಿನ ಪಾಳಿ ಮುಗೀತಿತ್ತು; ಬುತ್ತಿ ಕಟ್ಟೋಳ ಪಾಳಿ ಮುಗೀತಿರಲಿಲ್ಲ. ಬಿ.ಕಾಂ. ಓದಿದ ನನಗೆ ಗೊತ್ತು, ಆ ದುಡಿಮೆ ಯಾವ ಲೆಡ್ಜರ್‌ನಲ್ಲೂ ಬರಲ್ಲ.

ಅಲ್ಲೇ ಇರೋ ನಮ್ಮಕ್ಕ ಮಕ್ಕಳನ್ನು ಅತ್ತೆ ಹತ್ತಿರ ಬಿಟ್ಟು ಕ್ಲಾಸಿಗೆ ಹೋಗ್ತಾಳೆ. ಆ ಒಂದು ಗಂಟೆ ಫೋನ್ ಎತ್ತಲ್ಲ. 'ಮನೆ ಯಾರು ನೋಡ್ಕೋತಾರೆ?' ಅಂತ ಅವಳನ್ನು ಕೇಳೋರಿದ್ದಾರೆ. ಗರಡಿಗೆ ಹೊರಟ ಗಂಡಸನ್ನು ಯಾರಾದರೂ ಹಾಗೆ ಕೇಳಿದ್ದುಂಟಾ?

ಯೋಚನೆ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.